ನಂಗೂ ಚುಚ್ಚಿದೆ, ಮಿಸ್

ನಮ್ಮ ಶಾಲೆ ಕಮರ್ಷಿಯಲ್ ಸ್ಟ್ರೀಟ್‌ನ ಹಿಂದಿನ ಒಂದು ಗಲ್ಲಿಯಲ್ಲಿದೆ. ನಾನು ಅಲ್ಲಿ ಕನ್ನಡ ಟೀಚರ್. ಮನೆಯಲ್ಲಿ ಉರ್ದು, ತಮಿಳು ಆಡುವ ಮಕ್ಕಳೇ ಹೆಚ್ಚು. ಶಾಲೆಗೆ ಮೈದಾನವಿಲ್ಲ. ಹಿಂದಿನ ಅಂಗಳವೇ ಮೈದಾನ. ಅದಕ್ಕೊಂದು ಮೋಟು ಗೋಡೆ. ಗೋಡೆಯಾಚೆ ಅಂಗಡಿಗಳ ರಟ್ಟಿನ ಪೆಟ್ಟಿಗೆ, ಟೈಲರ್‌ಗಳು ಎಸೆದ ಬಟ್ಟೆ ಚೂರು, ಟೀ ಕಪ್ಪು ಬಿದ್ದಿರುತ್ತವೆ. ಕೆಲವು ಗೋಡೆ ದಾಟಿ ಒಳಗೂ ಬೀಳುತ್ತವೆ.

2023ರ ಜುಲೈ 10, ಸೋಮವಾರ. ಮಧ್ಯಾಹ್ನ ಮೂರೂಮುಕ್ಕಾಲು. ಪಿ.ಟಿ. ಮಾಸ್ತರು ರಜೆಯಲ್ಲಿದ್ದರು. ಮೂರನೇ ತರಗತಿಯ ಮಕ್ಕಳನ್ನು ನಾನು ನೋಡಿಕೊಳ್ಳುತ್ತಿದ್ದೆ. ಮೂಲೆಯಲ್ಲಿ ನಾಲ್ಕು ಮಕ್ಕಳು ಡಾಕ್ಟರ್ ಆಟ ಆಡುತ್ತಿದ್ದರು. ಒಬ್ಬ ಹುಡುಗ ಇನ್ನೊಬ್ಬನ ತೋಳು ಹಿಡಿದಿದ್ದ. ಅವನ ಕೈಯಲ್ಲಿ ಸಿರಿಂಜ್ ಇತ್ತು. ಆಟದ್ದಲ್ಲ, ನಿಜವಾದದ್ದು. ಸೂಜಿಗೆ ಮುಚ್ಚಳ ಇರಲಿಲ್ಲ.

ಓಡಿಹೋಗಿ ಕಿತ್ತುಕೊಳ್ಳಲು ನೋಡಿದೆ. ಅವನು ಬಿಡಲಿಲ್ಲ. ಸೂಜಿ ನನ್ನ ಬಲಗೈಯ ಹೆಬ್ಬೆರಳ ಬುಡಕ್ಕೆ ಹೋಯಿತು. ನೋವು ಹೆಚ್ಚೇನೂ ಇರಲಿಲ್ಲ. ಸಿರಿಂಜಿನೊಳಗೆ ನೋಡಿದೆ. ತಳದಲ್ಲಿ ಕೆಂಪಗೆ, ಇನ್ನೂ ಹಸಿಯಾಗಿ ರಕ್ತ ಇತ್ತು.

ಮೊದಲು ನಾಲ್ಕೂ ಮಕ್ಕಳ ಕೈ, ತೋಳು ನೋಡಿದೆ. ಎರಡು ಸಲ ನೋಡಿದೆ. ಯಾರಿಗೂ ಚುಚ್ಚಿರಲಿಲ್ಲ. ಆಮೇಲೆ ನನ್ನ ಕೈ ನೋಡಿಕೊಂಡೆ. ಒಂದು ಹನಿ ರಕ್ತ ಬಂದಿತ್ತು. ಹೆದರಿಕೆಯಲ್ಲಿ ಅದನ್ನು ಒತ್ತಿ ಒತ್ತಿ ಹಿಂಡಿದೆ. ಬಾಯಿಗೂ ಇಟ್ಟೆ. ಎರಡೂ ಮಾಡಬಾರದ ಕೆಲಸ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಬೇಕು, ಅಷ್ಟೇ. ಇಪ್ಪತ್ತು ವರ್ಷ ಟೀಚರ್ ಆಗಿದ್ದ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆಯಮ್ಮ ಬಂದರು. ಬರಿಗೈಯಲ್ಲೇ ಸಿರಿಂಜ್ ಎತ್ತಿ ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದರು. ನಾನು ನಲ್ಲಿಯ ಹತ್ತಿರ ನಿಂತು ಅಳುತ್ತಿದ್ದೆ. ಅವರು ನನ್ನ ಬೆನ್ನು ಸವರಿದರು. "ನಂಗೂ ಚುಚ್ಚಿದೆ ಮಿಸ್. ಎರಡು ಸಲ. ಏನೂ ಆಗಲ್ಲ, ಅಳ್ಬೇಡಿ" ಅಂದರು.

ಆ ಮಾತು ನನ್ನ ಕಿವಿಗೆ ಬಿತ್ತು. ಮನಸ್ಸಿಗೆ ಹೋಗಲಿಲ್ಲ. ಇದನ್ನು ಮುಂದೆ ಹೇಳುತ್ತೇನೆ.

ಹೆಡ್ ಮಿಸ್ ಡೆಟ್ಟಾಲ್ ಹಾಕಿ ಬ್ಯಾಂಡೇಜ್ ಅಂಟಿಸಿದರು. ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆ. ಟಿಟಿ ಚುಚ್ಚಿದರು. "ಇಷ್ಟು ಸಾಕು, ಮನೆಗೆ ಹೋಗಿ" ಅಂದರು. ನಾನು ಶಿವಾಜಿನಗರ ಬಸ್ ಸ್ಟ್ಯಾಂಡಿನಿಂದ ಬಸ್ಸು ಹಿಡಿದು ಮನೆಗೆ ಹೋದೆ. ರಾತ್ರಿಯ ಅಡುಗೆಗೆ ಬೇಳೆ ಇಟ್ಟೆ. ಆಮೇಲೆ ಹಾಸನದಲ್ಲಿ ನರ್ಸ್ ಆಗಿರುವ ನನ್ನ ತಂಗಿಗೆ ಫೋನ್ ಮಾಡಿದೆ.

"ಅಕ್ಕ, ಒಳಗೆ ರಕ್ತ ಇತ್ತಾ?" ಎಂದು ಕೇಳಿದಳು. ಇತ್ತು ಅಂದೆ. "ಟಿಟಿ ಸಾಲದು. ಒಲೆ ಆರಿಸು. ಈಗಲೇ ಬೌರಿಂಗ್‌ಗೆ ಹೋಗು" ಅಂದಳು.

ಬೌರಿಂಗ್ ಆಸ್ಪತ್ರೆ ನಮ್ಮ ಶಾಲೆಯಿಂದ ನಡೆದು ಹೋಗುವಷ್ಟು ದೂರ. ಬಿಟ್ಟು ಬಂದ ದಾರಿಯಲ್ಲೇ ಮತ್ತೆ ಆಟೋದಲ್ಲಿ ಹೋದೆವು, ನಾನೂ ನನ್ನ ಗಂಡನೂ. ಮಳೆ ಬರುತ್ತಿತ್ತು. ಇಬ್ಬರೂ ಮಾತಾಡಲಿಲ್ಲ.

ಕ್ಯಾಶುವಾಲ್ಟಿಯಲ್ಲಿ ಇದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರ್. ನನ್ನನ್ನು ಕೂರಿಸಿ ನಿಧಾನವಾಗಿ ಹೇಳಿದರು. ಮೂರು ಕಾಯಿಲೆಗಳ ಬಗ್ಗೆ ಯೋಚಿಸಬೇಕು: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ. ಎಚ್‌ಐವಿ ಇರುವವರ ರಕ್ತದ ಸೂಜಿ ಸಾವಿರ ಜನರಿಗೆ ಚುಚ್ಚಿದರೆ ಸುಮಾರು 3 ಜನರಿಗೆ ತಗಲುತ್ತದೆ. ಬೀದಿಯಲ್ಲಿ ಬಿದ್ದ ಸೂಜಿಯಾದರೆ ಇನ್ನೂ ಕಡಿಮೆ, ಆ ವೈರಸ್ ಹೊರಗೆ ಹೆಚ್ಚು ಹೊತ್ತು ಉಳಿಯುವುದಿಲ್ಲ. ಆದರೆ ರಕ್ತ ಹಸಿಯಾಗಿತ್ತು ಅನ್ನುತ್ತೀರಿ, ಮಾತ್ರೆ ಶುರು ಮಾಡೋಣ. ಎರಡು ಗಂಟೆಯೊಳಗೆ ನುಂಗಿದ್ದರೆ ಒಳ್ಳೆಯದಿತ್ತು. 72 ಗಂಟೆ ದಾಟಿದರೆ ಕೊಡುವುದಿಲ್ಲ. ದಿನಕ್ಕೊಂದರಂತೆ 28 ದಿನ. ಒಂದು ದಿನವೂ ತಪ್ಪಿಸಬಾರದು.

ಆಮೇಲೆ ಕೇಳಿದರು: "ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿದ್ದೀರಾ?"

ಇಲ್ಲ. ನನ್ನ ಮಗಳಿಗೆ ಹಾಕಿಸಿದ್ದೆ. ಅವಳು ಹುಟ್ಟುವ ಹೊತ್ತಿಗೆ ದೇಶದ ಎಲ್ಲ ಮಕ್ಕಳ ಲಸಿಕೆ ಪಟ್ಟಿಗೆ ಅದು ಸೇರಿತ್ತು. ನನ್ನ ವಯಸ್ಸಿನವರಿಗೆ ಆ ಭಾಗ್ಯ ಇಲ್ಲ. ಬಿ ವೈರಸ್ ಒಣಗಿದ ರಕ್ತದಲ್ಲೂ ಏಳು ದಿನ ಬದುಕಿರಬಲ್ಲದು. ಲಸಿಕೆ ಇಲ್ಲದವರಿಗೆ ಆ ವೈರಸ್ ಇರುವ ರಕ್ತದ ಸೂಜಿ ಚುಚ್ಚಿದರೆ ನೂರಕ್ಕೆ 6ರಿಂದ 30 ಜನರಿಗೆ ಸೋಂಕು ಬರಬಹುದು. ನಾನು ಎಚ್‌ಐವಿಗೆ ನಡುಗುತ್ತಾ ಬಂದಿದ್ದೆ. ಹೆಚ್ಚು ಹೆದರಬೇಕಾದ್ದರ ಹೆಸರು ಅಲ್ಲಿಯವರೆಗೆ ನನ್ನ ತಲೆಯಲ್ಲೇ ಇರಲಿಲ್ಲ.

ರಕ್ತ ತೆಗೆದರು. ರಾತ್ರಿ ಒಂಬತ್ತೂಕಾಲಿಗೆ ಮೊದಲ ಮಾತ್ರೆ ನುಂಗಿದೆ. ಬಿ ಲಸಿಕೆಯ ಮೊದಲ ಡೋಸ್ ಚುಚ್ಚಿದರು. ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಇಂಜೆಕ್ಷನ್ ಹೊರಗಿನಿಂದ ತರಬೇಕಿತ್ತು. ಅದು ದುಬಾರಿ. ನಮ್ಮ ಆ ತಿಂಗಳ ಚೀಟಿಯ ಹಣ ಅದಕ್ಕೆ ಹೋಯಿತು. ಸಿ ಕಾಯಿಲೆಗೆ ಲಸಿಕೆಯೇ ಇಲ್ಲ. ಕಾಯಬೇಕು, ಪರೀಕ್ಷೆ ಮಾಡಿಸಬೇಕು.

ಮರುದಿನ ಕೌನ್ಸೆಲರ್ ನಮ್ಮಿಬ್ಬರಿಗೂ ಹೇಳಿದರು. ಪರೀಕ್ಷೆಗಳು ಮುಗಿಯುವವರೆಗೆ ಕಾಂಡೋಮ್ ಬಳಸಬೇಕು. ರಕ್ತದಾನ ಮಾಡಬಾರದು. ನನ್ನ ಗಂಡ "ಆಯ್ತು" ಅಂದರು. ಅಷ್ಟೇ ಅಂದರು. ಮನೆಗೆ ಬಂದು ತಮ್ಮ ಫೋನಿನಲ್ಲಿ ರಾತ್ರಿ ಒಂಬತ್ತಕ್ಕೆ ಅಲಾರಂ ಇಟ್ಟರು. 28 ದಿನವೂ ಅಲಾರಂ ಹೊಡೆದಾಗ ನೀರಿನ ಲೋಟ ತಂದುಕೊಟ್ಟರು.

ಅತ್ತೆಗೆ ವಿಟಮಿನ್ ಮಾತ್ರೆ ಎಂದು ಸುಳ್ಳು ಹೇಳಿದೆ. ಡಬ್ಬದ ಮೇಲಿನ ಚೀಟಿ ಕಿತ್ತುಹಾಕಿದೆ. ಮೊದಲ ವಾರ ವಾಕರಿಕೆ ಇತ್ತು. ಬೆಳಗಿನ ಉಪ್ಪಿಟ್ಟಿನ ವಾಸನೆ ಆಗುತ್ತಿರಲಿಲ್ಲ. ತಲೆನೋವು ಬರುತ್ತಿತ್ತು. ರಾತ್ರಿ ಎರಡು, ಮೂರು ಗಂಟೆಗೆ ಎಚ್ಚರವಾಗುತ್ತಿತ್ತು. ಪಕ್ಕದಲ್ಲಿ ಮಗಳು ಮಲಗಿರುತ್ತಿದ್ದಳು.

ಒಂದು ವಿಷಯ ಹೇಳಲೇಬೇಕು. ಒಟ್ಟಿಗೆ ಊಟ ಮಾಡಿದರೆ, ಮುಟ್ಟಿದರೆ ಎಚ್‌ಐವಿ ಹರಡುವುದಿಲ್ಲ ಎಂದು ಒಂಬತ್ತನೇ ತರಗತಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ. ಹೀಗಿದ್ದೂ ಆ ದಿನಗಳಲ್ಲಿ ನನ್ನ ತಟ್ಟೆಯನ್ನು ಬೇರೆ ತೊಳೆದೆ. ಮಗಳನ್ನು ಅಪ್ಪಿಕೊಳ್ಳಲು ಹಿಂಜರಿದೆ. ನೇಲ್ ಕಟರ್ ಬಚ್ಚಿಟ್ಟದ್ದು ಸರಿ, ಅದರಲ್ಲಿ ರಕ್ತ ತಾಗಬಹುದು. ತಟ್ಟೆ ಬೇರೆ ಮಾಡಿದ್ದು ಬರೀ ಭಯ. ಸೋಂಕು ಇರುವವರನ್ನು ಜನ ಹೇಗೆ ದೂರ ಇಡುತ್ತಾರೆ ಎಂಬುದು ಆಗ ಗೊತ್ತಾಯಿತು. ನನ್ನನ್ನು ನಾನೇ ದೂರ ಇಟ್ಟುಕೊಂಡಿದ್ದೆ.

ಆಗಸ್ಟ್ 6ಕ್ಕೆ ಮಾತ್ರೆ ಮುಗಿಯಿತು. ಆಗಸ್ಟ್ 21ಕ್ಕೆ, ಆರು ವಾರದ ಪರೀಕ್ಷೆ. ನೆಗೆಟಿವ್. ಕೊನೆಯದಲ್ಲ, ಆದರೂ ಒಳ್ಳೆಯ ಸುದ್ದಿ ಎಂದರು. ಆಸ್ಪತ್ರೆಯಿಂದ ಶಾಲೆಗೆ ನಡೆದೇ ಬಂದೆ. ಆಯಮ್ಮ ಅಂಗಳ ಗುಡಿಸುತ್ತಿದ್ದರು. ಬರಿಗೈ.

ಆಗ ನನಗೆ ಅವರ ಮಾತು ನೆನಪಾಯಿತು. ನಂಗೂ ಚುಚ್ಚಿದೆ ಮಿಸ್, ಎರಡು ಸಲ. ಆರು ವಾರ ನಾನು ಅದನ್ನು ಯೋಚಿಸಿರಲಿಲ್ಲ. ನನಗೆ ಚುಚ್ಚಿದಾಗ ಹೇಳಲು ತಂಗಿ ಇದ್ದಳು, ಚೀಟಿ ಹಣ ಇತ್ತು, ಆಟೋ ಇತ್ತು. ಅವರಿಗೆ ಚುಚ್ಚಿದಾಗ ಅವರು ಬೆರಳಿಗೆ ಅರಿಶಿನ ಒತ್ತಿಕೊಂಡು ಮತ್ತೆ ಪೊರಕೆ ಹಿಡಿದಿದ್ದರು. ಮಕ್ಕಳ ಮೂಗಿನಿಂದ ರಕ್ತ ಸುರಿದರೆ ಒರೆಸುವುದು ಅವರೇ. ಬಿದ್ದು ಗಾಯವಾದ ಮಂಡಿ ತೊಳೆಯುವುದು ಅವರೇ. ಟಾಯ್ಲೆಟ್ಟಿನ ಬುಟ್ಟಿಯ ಪ್ಯಾಡುಗಳನ್ನು ಕಟ್ಟಿ ಹೊರಗಿಡುವುದು ಅವರೇ. ಇನ್ನೊಂದೂ ಹೊಳೆಯಿತು. ನನಗೆ ಚುಚ್ಚಿದ ಆ ಸಿರಿಂಜ್ ಮರುದಿನ ಬೆಳಿಗ್ಗೆ ಕಸದ ಆಟೋಗೆ ಹೋಗಿತ್ತು. ಅದನ್ನು ವಿಂಗಡಿಸಿದ ಕೈ ಯಾರದೋ.

"ಆಯಮ್ಮ, ನಿಮ್ಮದೂ ಒಂದು ಸಲ ರಕ್ತ ಪರೀಕ್ಷೆ ಮಾಡಿಸೋಣ" ಅಂದೆ. "ಯಾಕೆ ಮಿಸ್, ನಂಗೇನಾಗಿದೆ?" ಅಂದರು. ಒಪ್ಪಲು ವಾರ ಹಿಡಿಯಿತು. ಒಂದು ದಿನದ ಕೂಲಿ ಕಡಿತವಾಗುತ್ತದೆ ಎನ್ನುವುದೇ ಅವರ ಚಿಂತೆ. ಅವರು ಶಾಲೆಯ ಕೆಲಸದವರಲ್ಲ, ಏಜೆನ್ಸಿಯವರು.

ರಿಪೋರ್ಟ್ ಬಂದಾಗ ಸೇಂಟ್ ಮೇರಿ ಹಬ್ಬದ ನೊವೆನಾ ಪ್ರಾರ್ಥನೆ ನಡೆಯುತ್ತಿತ್ತು. ಶಿವಾಜಿನಗರದ ರಸ್ತೆ ತುಂಬ ಕಾವಿ ಬಟ್ಟೆಯ ಭಕ್ತರು. ಆಯಮ್ಮನೂ ಕಾವಿ ಸೀರೆ ಉಟ್ಟಿದ್ದರು. ಎಚ್‌ಐವಿ ಇಲ್ಲ. ಸಿ ಇಲ್ಲ. ಹೆಪಟೈಟಿಸ್ ಬಿ ಇದೆ.

ಅದು ಶಾಲೆಯ ಸೂಜಿಯಿಂದಲೇ ಬಂತು ಎಂದು ಯಾರೂ ಹೇಳಲಾರರು. ಹುಟ್ಟುವಾಗಲೇ ತಾಯಿಯಿಂದ ಬಂದಿರಬಹುದು. ಎಂದೋ ಚುಚ್ಚಿಸಿಕೊಂಡ ಇಂಜೆಕ್ಷನ್ನಿನಿಂದ ಬಂದಿರಬಹುದು. ಡಾಕ್ಟರ್ ಇದನ್ನು ಸ್ಪಷ್ಟವಾಗಿ ಹೇಳಿದರು. ನಾನೂ ಇಲ್ಲಿ ಹಾಗೆಯೇ ಬರೆಯುತ್ತಿದ್ದೇನೆ. ಲಿವರ್ ಸದ್ಯಕ್ಕೆ ಚೆನ್ನಾಗಿದೆ, ಮಾತ್ರೆ ಬೇಡ, ಆರು ತಿಂಗಳಿಗೊಮ್ಮೆ ಪರೀಕ್ಷೆ ಬೇಕು ಎಂದರು. ಲಸಿಕೆ ಇನ್ನು ಅವರಿಗೆ ಪ್ರಯೋಜನವಿಲ್ಲ. ಅವರು ಒಂದೇ ಪ್ರಶ್ನೆ ಕೇಳಿದರು: "ನನ್ನ ಮಕ್ಕಳಿಗೆ?" ಇಬ್ಬರು ಗಂಡುಮಕ್ಕಳ ರಕ್ತವನ್ನೂ ನೋಡಿದರು. ಇಬ್ಬರಿಗೂ ಇರಲಿಲ್ಲ. ಅವತ್ತೇ ಮೊದಲ ಡೋಸ್ ಹಾಕಿದರು.

ದಸರಾ ರಜೆಯಲ್ಲಿ ಆಡಳಿತ ಮಂಡಳಿಗೆ ಅರ್ಜಿ ಬರೆದೆ. ತಂಗಿ ಕೆಲವು ವಿಷಯ ಹುಡುಕಿಕೊಟ್ಟಳು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿ ಆಸ್ಪತ್ರೆಗಳ ಜೊತೆಗೆ ಶಾಲೆಗಳ ಪ್ರಥಮ ಚಿಕಿತ್ಸೆ ಕೋಣೆಯ ಹೆಸರೂ ಇದೆ. ಸೂಜಿಗೆ ಬಿಳಿ ಡಬ್ಬ ಇಡಬೇಕು, ಚುಚ್ಚಿದರೆ ತೂತಾಗದಂಥದ್ದು. ಎಚ್‌ಐವಿ ಕುರಿತ 2017ರ ಕಾಯ್ದೆ, ಸೋಂಕು ತಗಲುವ ಅಪಾಯ ಹೆಚ್ಚಿರುವ ಕೆಲಸದ ಜಾಗಗಳಲ್ಲಿ ಸುರಕ್ಷತೆಯ ಸಾಮಾನು, ತರಬೇತಿ, ಚುಚ್ಚಿದ ಮೇಲಿನ ಮಾತ್ರೆ ಕೊಡಿಸುವ ಹೊಣೆಯನ್ನು ಸಂಸ್ಥೆಯ ಮೇಲೆ ಹಾಕುತ್ತದೆ. ಅಮೆರಿಕದಲ್ಲಿ 1991ರಿಂದಲೇ ಇಂಥ ನಿಯಮವಿದೆ. ಕೆಲಸದಲ್ಲಿ ರಕ್ತ ಮುಟ್ಟಬೇಕಾದವರಿಗೆ ಬಿ ಲಸಿಕೆಯನ್ನು ಮಾಲೀಕರೇ ಪುಕ್ಕಟೆ ಕೊಡಬೇಕು. ನಮ್ಮಲ್ಲಿ ಆಸ್ಪತ್ರೆಯವರಿಗೆ ಕೊಡುವ ಏರ್ಪಾಡು ಇದೆ. ಆಯಮ್ಮನಂಥವರನ್ನು ಯಾರೂ ಎಣಿಸಿಲ್ಲ. ಅರ್ಜಿಯಲ್ಲಿ ಅವರ ಹೆಸರು ಬರೆಯಲಿಲ್ಲ. ಅವರ ಕಾಯಿಲೆಯ ಸುದ್ದಿ ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಕೆಲಸ ಹೋಗುತ್ತದೆ ಎಂದು ಅವರ ಭಯ. ಆ ಭಯ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. ಇದನ್ನು ಬರೆಯಲು ಅವರನ್ನು ಕೇಳಿದೆ. "ಬರೀರಿ ಮಿಸ್, ಹೆಸರು ಮಾತ್ರ ಬೇಡ" ಅಂದರು.

ಗ್ಲೌಸು ಬಂತು. ಬ್ಲೀಚ್ ಬಂತು. ಬಿಳಿ ಡಬ್ಬ ಬಂತು. ಗೋಡೆಯನ್ನು ಮೂರು ಅಡಿ ಎತ್ತರಿಸಿದರು. ಟೀಚರ್‌ಗಳಿಗೆ ಲಸಿಕೆ ಹಾಕಿಸಿದರು. ಏಜೆನ್ಸಿಯ ಕೆಲಸದವರು ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಎಂದರು. ಉಳಿದ ಇಬ್ಬರು ಆಯಮ್ಮಂದಿರಿಗೂ ವಾಚ್‌ಮನ್‌ಗೂ ಸ್ಟಾಫ್ ರೂಮಿನಲ್ಲಿ ನಾವೇ ಹಣ ಕೂಡಿಸಿ ಹಾಕಿಸಿದೆವು. ಇದು ಹೆಮ್ಮೆಯ ವಿಷಯವಲ್ಲ. ಪ್ರತಿ ಶಾಲೆಯಲ್ಲೂ ಟೀಚರ್‌ಗಳು ಹೀಗೆ ಹಣ ಕೂಡಿಸುತ್ತಾ ಕೂರಲು ಆಗುವುದಿಲ್ಲ.

2024ರ ಜನವರಿ 10ಕ್ಕೆ ನನ್ನ ಕೊನೆಯ ಪರೀಕ್ಷೆ. ಮೂರೂ ನೆಗೆಟಿವ್. ಅವತ್ತೇ ಲಸಿಕೆಯ ಮೂರನೇ ಡೋಸ್ ಹಾಕಿಸಿಕೊಂಡೆ. ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನಗೆ ಮೊದಲೇ ಹೇಳಬಾರದಿತ್ತಾ?" ಅಂದರು.

ಈಗ ಹಿಂಬಾಗಿಲ ಪಕ್ಕದ ಮೊಳೆಗೆ ಒಂದು ಉದ್ದನೆಯ ಇಕ್ಕಳ ತೂಗುಹಾಕಿದೆ. ಮಕ್ಕಳು ಅಂಗಳಕ್ಕೆ ಬರುವ ಮೊದಲು ಆಯಮ್ಮ ಅದನ್ನು ಹಿಡಿದು ಗೋಡೆಯ ಉದ್ದಕ್ಕೂ ನೋಡಿ ಬರುತ್ತಾರೆ. ಮಾರ್ಚ್‌ನಲ್ಲಿ ಅವರ ಪರೀಕ್ಷೆ ಇದೆ. ಆ ದಿನಕ್ಕೆ ನಾನೂ ಅರ್ಧ ದಿನದ ರಜೆ ಬರೆದಿಟ್ಟಿದ್ದೇನೆ.