ಡಿಸ್ಕ್ ತುಂಬಿದ ರಾತ್ರಿ

ರಾತ್ರಿ ಹನ್ನೊಂದೂವರೆ. ನೀವು ಕೂತಿರುವುದು ಬೆಂಗಳೂರಿನಲ್ಲಿ, ಸರ್ವರ್ ಇರುವುದು ಮುಂಬೈಯಲ್ಲಿ. ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗಿ ‘ಡಿಎಫ್’ ಹೊಡೆಯುತ್ತೀರಿ. ಬೆಳಗಿನಿಂದ ಸೈಟಿಗೆ ಫೋಟೊ ಏರುತ್ತಿಲ್ಲವೆಂಬ ದೂರಿಗೆ ಕಾರಣ ಕಣ್ಣೆದುರಿಗೇ ಇದೆ: ಡಿಸ್ಕ್ ನೂರಕ್ಕೆ ನೂರು ಭರ್ತಿ.

ಜಾಗ ತಿಂದದ್ದು ಯಾವುದು? ‘ಡಿಯು’ ಒಂದೊಂದೇ ಫೋಲ್ಡರಿನ ಲೆಕ್ಕ ಒಪ್ಪಿಸುತ್ತದೆ. ಅಪ್‌ಲೋಡ್ಸ್ ದೊಡ್ಡದೇ, ವರ್ಡ್‌ಪ್ರೆಸ್ ಪ್ರತಿ ಫೋಟೊಗೂ ನಾನಾ ಅಳತೆಯ ನಕಲು ಮಾಡಿಡುತ್ತದೆ, ಅದನ್ನು ಮುಟ್ಟಬೇಡಿ. ಲಾಗ್‌ಗಳು ಇನ್ನೂ ದಪ್ಪ. ಅಳಿಸಿಬಿಡಲು ಬೆರಳು ಹಾತೊರೆಯುತ್ತದೆ. ತಡೆಯಿರಿ, ಕೆಳಗಿನ ಸಾಲು ನೋಡಿ. ಪಬ್ಲಿಕ್ ಎಚ್‌ಟಿಎಂಎಲ್ ಒಳಗೇ ಒಂದು ‘ಬ್ಯಾಕಪ್ ಡಾಟ್ ಎಸ್‌ಕ್ಯೂಎಲ್’!

ಹಿಂದೆಂದೋ ಸೈಟ್ ಸ್ಥಳಾಂತರಿಸಿದವರು ಬಿಟ್ಟುಹೋದ ಇಡೀ ಡೇಟಾಬೇಸಿನ ಪ್ರತಿ. ತೆರೆದರೆ ಸದಸ್ಯರ ಹೆಸರು, ಇಮೇಲ್, ಪಾಸ್‌ವರ್ಡಿನ ಹ್ಯಾಶ್, ಎಲ್ಲ ಅಲ್ಪವಿರಾಮಗಳ ನಡುವೆ ಸಾಲುಗಟ್ಟಿವೆ. ಈ ಫೋಲ್ಡರಿನಲ್ಲಿರುವುದು ಲೋಕಕ್ಕೇ ತೆರೆದದ್ದು. ಇಂಥ ಹೆಸರುಗಳನ್ನು ಊಹಿಸಿ ಹಗಲೂ ರಾತ್ರಿ ಬಾಗಿಲು ತಟ್ಟುವ ಬಾಟ್‌ಗಳಿವೆ. ಜಾಗದ ಚಿಂತೆ ಆಮೇಲೆ. ಮೊದಲು ಇದು ಇಲ್ಲಿಂದ ಹೋಗಬೇಕು.

ಆದರೆ ಅಳಿಸುವ ಆಜ್ಞೆ ‘ಆರ್‌ಎಂ’ಗೆ ಕಸದ ಬುಟ್ಟಿ ಇಲ್ಲ. ಎಂಟರ್ ಒತ್ತಿದರೆ ಹೋಯಿತು. 2017ರ ಜನವರಿ 31ರ ರಾತ್ರಿ ಕೋಡ್ ಸಂಗ್ರಹದ ತಾಣ ಗಿಟ್‌ಲ್ಯಾಬ್‌ನ ಇಂಜಿನಿಯರೊಬ್ಬರು ಬದಲಿ ಸರ್ವರ್ ಎಂದುಕೊಂಡು ಮುಖ್ಯ ಸರ್ವರಿನ ಡೇಟಾಬೇಸನ್ನೇ ಅಳಿಸತೊಡಗಿದರು. ಕ್ಷಣದಲ್ಲೇ ತಡೆದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಆರು ಗಂಟೆ ಹಿಂದೆ ಅವರೇ ತೆಗೆದಿಟ್ಟಿದ್ದ ಪ್ರತಿ ಸಿಕ್ಕಿದ್ದರಿಂದ ಬಚಾವಾದರು. ಆ ಇಂಜಿನಿಯರನ್ನು ದೂರಲು ನನಗೆ ಮನಸ್ಸಿಲ್ಲ. ದಣಿದ ಕಣ್ಣಿಗೆ ಎಲ್ಲ ಸರ್ವರಿನ ಪರದೆಯೂ ಒಂದೇ ಥರ.

‘ಹೋಸ್ಟ್‌ನೇಮ್’ ಹೊಡೆಯಿರಿ. ‘ಪಿಡಬ್ಲ್ಯುಡಿ’ ಹೊಡೆಯಿರಿ. ಸರಿಯಾದ ಜಾಗವೇ. ಫೈಲನ್ನು ‘ಎಂವಿ’ಯಿಂದ ಹೋಮ್ ಡೈರೆಕ್ಟರಿಗೆ ಸರಿಸಿ, ಆರ್‌ಸಿಂಕ್‌ನಲ್ಲಿ ನಿಮ್ಮ ಯಂತ್ರಕ್ಕೆ ಇಳಿಸಿಕೊಂಡು, ಚೆಕ್‌ಸಮ್ ತಾಳೆ ನೋಡಿ. ಈಗ ‘ಆರ್‌ಎಂ’. ಡಿಸ್ಕ್ ಉಸಿರಾಡುತ್ತದೆ, ಫೋಟೊ ಏರುತ್ತದೆ.

ಇನ್ನು ಆ ಲಾಗ್‌ಗಳು. ಆಕ್ಸೆಸ್ ಲಾಗಿನಲ್ಲಿ ಅದೇ ಫೈಲಿನ ಹೆಸರು ಹಾಕಿ ‘ಗ್ರೆಪ್’ ಮಾಡಿ. ಒಂದು ಸಾಲು ಬರುತ್ತದೆ: ಹೋದ ತಿಂಗಳ ತಾರೀಕು, ಅಪರಿಚಿತ ಐಪಿ ವಿಳಾಸ, ಕೇಳಿದ್ದು ಸಿಕ್ಕಿತೆಂಬ ಸಂಕೇತ 200. ಪಕ್ಕದಲ್ಲಿರುವ ಬೈಟ್‌ಗಳ ಸಂಖ್ಯೆ ಫೈಲಿನ ಪೂರ್ತಿ ಗಾತ್ರಕ್ಕೆ ಸರಿಹೊಂದುತ್ತದೆ. ಯಾರೋ ಇಡಿಯಾಗಿ ಇಳಿಸಿಕೊಂಡಿದ್ದಾರೆ. ಆಗ ಲಾಗ್ ಅಳಿಸಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಆ ಸಾಲನ್ನು ಬೇರೆಡೆ ನಕಲಿಸಿಟ್ಟುಕೊಳ್ಳಿ. ಎಲ್ಲ ಸದಸ್ಯರ ಪಾಸ್‌ವರ್ಡ್ ರದ್ದುಮಾಡಿ, ಸೈಟಿನ ಮಾಲೀಕರಿಗೆ ಈಗಲೇ ಫೋನ್ ಹಚ್ಚಿ. ಸದಸ್ಯರಿಗೆ ಬೆಳಿಗ್ಗೆ ಹೋಗಬೇಕಾದ ಪತ್ರವನ್ನು ಮಾಲೀಕರ ಜೊತೆ ಕೂತೇ ಬರೆಯಬೇಕು.