ಅಘನಾಶಿನಿಯ ಅಳಿವೆಯಲ್ಲಿ ಒಂದು ಬೆಳಗು

ಯುಗಾದಿಯ ಆಸುಪಾಸಿನಲ್ಲಿ ಕುಮಟಾ ಕಡೆ ಹೋಗುವ ಸಂದರ್ಭ ಬಂದರೆ, ಅಘನಾಶಿನಿ ನದಿ ಕಡಲು ಸೇರುವ ಅಳಿವೆಗಾಗಿ ಒಂದು ಬೆಳಗನ್ನು ಎತ್ತಿಡಿ. ಇಳಿತ ಎಷ್ಟು ಹೊತ್ತಿಗೆ ಅಂತ ಊರಿನ ಮೀನುಗಾರರನ್ನು ಮೊದಲೇ ಕೇಳಿಕೊಳ್ಳಿ. ನೀರು ಸರಿದು ಕೆಸರು ಬಯಲಾದಾಗಲೇ ಹಕ್ಕಿಗಳಿಗೆ ಊಟದ ಹೊತ್ತು!

ಬೆಳ್ಳಕ್ಕಿ, ಗರುಡ ನಿಮಗೆ ಗೊತ್ತಿರುವವೇ. ಕಡಲಕ್ಕಿಗಳ ತಲೆಯನ್ನು ಮಾತ್ರ ಗಮನವಿಟ್ಟು ನೋಡಿ. ಚಳಿಗಾಲದಲ್ಲಿ ಬೆಳ್ಳಗಿದ್ದ ತಲೆಗೆ ಈಗ ಕಂದು ಟೊಪ್ಪಿಗೆ ಬರತೊಡಗಿರುತ್ತದೆ. ತವರಿಗೆ ಹೊರಡುವ ಸಿಂಗಾರ ಅದು! ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳೇ ಅವುಗಳ ತವರು, ಬಾಣಂತನವೆಲ್ಲ ಅಲ್ಲೇ.

ಪುಟ್ಟ ಗೊರವಗಳೂ ಅಷ್ಟೆ. ಕೆಸರಿನ ಹುಳ ಹೆಕ್ಕಿ ತಿಂದು, ಮೈಯಲ್ಲಿ ಕೊಬ್ಬು ಕೂಡಿಸಿಕೊಂಡು ಉತ್ತರಕ್ಕೆ ಹಾರುತ್ತವೆ. ಮಕ್ಕಳು ಓಡಿಸೋಕೆ ಹೊರಟರೆ ತಡೆಯಿರಿ. ಸುಮ್ಮಸುಮ್ಮನೆ ಎಬ್ಬಿಸಿದಷ್ಟೂ ಅವುಗಳ ದಾರಿಬುತ್ತಿ ಕರಗುತ್ತದೆ.

ಅದೇ ಕೆಸರಿನಲ್ಲಿ ಬುಟ್ಟಿ ಹಿಡಿದ ಹೆಂಗಸರು ಬಳಚು ಆರಿಸುತ್ತಿರುತ್ತಾರೆ. ಹಕ್ಕಿಯ ಹೊಟ್ಟೆಗೂ ಇವರ ಮನೆಯ ಒಲೆಗೂ ಆಧಾರ ಒಂದೇ. ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಈ ಅಳಿವೆ 2024ರಲ್ಲಿ ಸೇರಿತು. ಪಟ್ಟಿಗೆ ಸೇರಿದರೆ ಸಾಕೇ? ‘ಬರೀ ಕೆಸರು ತಾನೇ’ ಅಂತ ನಾವು ತಾತ್ಸಾರ ಮಾಡಬಾರದು. ತಿಂಡಿ ಕಟ್ಟಿ ತಂದ ಪ್ಲಾಸ್ಟಿಕ್ಕು ನಿಮ್ಮ ಚೀಲದಲ್ಲೇ ಮನೆಗೆ ವಾಪಸು ಬರಲಿ, ಆಯ್ತಾ?