ನಲ್ಲಿಯ ಕಿವಿ

ಬಚ್ಚಲುಮನೆಯ ನಲ್ಲಿ ತೊಟ್ಟಿಕ್ಕತೊಡಗಿದೊಡನೆ ಬೆಂಗಳೂರಿನ ಗೃಹಸ್ಥರು ಮಾಡುವ ಮೊದಲ ಕೆಲಸ ಅದರ ಕಿವಿ ಹಿಂಡುವುದು. ಎಷ್ಟು ಹಿಂಡಿದರೂ ಹನಿ ನಿಲ್ಲದು. ಒಳಗೆ ಸವೆದಿರುವ ವಾಷರು ಮತ್ತಷ್ಟು ಜಜ್ಜಿಹೋಗುವುದಷ್ಟೇ ಫಲ. ಸೆಕೆಂಡಿಗೊಂದು ಹನಿಯೆಂದರೂ ದಿನಕ್ಕೆ 86,400 ಹನಿ. ಸುಮಾರು 4 ಲೀಟರು ನೀರು. ಕಾವೇರಿ 1974ರಿಂದ ಸುಮಾರು 100 ಕಿಲೋಮೀಟರು ಹಾದಿ ಸವೆಸಿ, 500 ಮೀಟರಿನಷ್ಟು ಎತ್ತರವನ್ನು ಏರಿ ಈ ಊರಿಗೆ ಬರುತ್ತಿರುವುದು ಹೀಗೆ ಮೋರಿಯ ಪಾಲಾಗಲೆಂದಲ್ಲ.

ಮೂರನೆಯ ದಿನ ಗೃಹಿಣಿಯೇ ಮುಂದಾಗುತ್ತಾರೆ. ಮೇಲಿನ ಟ್ಯಾಂಕಿನ ವಾಲ್ವನ್ನು ಮುಚ್ಚಿ, ಸ್ಪ್ಯಾನರಿನಿಂದ ನಲ್ಲಿಯ ತಲೆಯನ್ನು ಬಿಚ್ಚಿ, ಹೊಸ ವಾಷರು ಕೂರಿಸಿ, ಮೆಲ್ಲಗೆ ತಿರುಗಿಸುತ್ತಾರೆ. ಹನಿ ನಿಲ್ಲುತ್ತದೆ.

ಗೃಹಸ್ಥರಾದರೋ ಅಂದಿನ ರಾತ್ರಿಯೂ ಎದ್ದುಹೋಗಿ, ಅಭ್ಯಾಸಬಲದಿಂದ, ನಲ್ಲಿಯ ಕಿವಿ ಹಿಂಡಿ ಬರುತ್ತಾರೆ. ಹೊಸ ವಾಷರಿನ ಆಯುಸ್ಸು ಆಗಿನಿಂದಲೇ ಕ್ಷೀಣಿಸತೊಡಗುತ್ತದೆ.